ಮೊದಲು ತೂಕದ ಲೆಕ್ಕ ತೋರಿಸಿ, ಆಮೇಲೆ ವಿಮಾನದ ಚಿತ್ರ

ನಮಸ್ಕಾರ ಸ್ನೇಹಿತರೇ. ಇವತ್ತು ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಪಾಠ ಇಲ್ಲ. ಪ್ರೊಪಲ್ಷನ್ ಪ್ರಶ್ನೆಗಳನ್ನು ಮುಂದಿನ ವಾರ ಬಿಡಿಸೋಣ. ಕಳೆದ ವಿಡಿಯೊ ಕೆಳಗೆ ಬಂದಿರುವ ಒಂದು ಕಾಮೆಂಟ್‌ಗೆ ಉತ್ತರ ಕೊಡದೆ ನನಗೆ ಸಮಾಧಾನ ಇಲ್ಲ. ಓದುತ್ತೇನೆ, ಕೇಳಿ.

"ಸರ್, ನಾನು ಏರ್‌ಕ್ರಾಫ್ಟ್ ಡಿಸೈನ್‌ನಲ್ಲಿ ಎಂ.ಟೆಕ್ ಮಾಡ್ತಿದೀನಿ. ನೀವು ಯಾವಾಗ ನೋಡಿದ್ರೂ ತೂಕ, ತೂಕ ಅಂತೀರ. ಮಾಡೆಲ್ ರೆಡಿ ಆದ್ಮೇಲೆ ತೂಕ ಎಷ್ಟು ಅಂತ ಸಾಫ್ಟ್‌ವೇರೇ ಹೇಳುತ್ತೆ. ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು?"

ಇಲ್ಲ ತಮ್ಮಾ. ಸಾಫ್ಟ್‌ವೇರ್ ಹೇಳುವುದು ನೀನು ಬರೆದ ಮಾಡೆಲ್‌ನ ತೂಕ. ವಿಮಾನದ ತೂಕ ಅಲ್ಲ. ಆ ಮಾಡೆಲ್‌ನಲ್ಲಿ ವೈರಿಂಗ್ ಇದೆಯಾ? ಪೇಂಟ್ ಇದೆಯಾ? ಸೀಲಂಟ್, ರಿವೆಟ್ಟು, ಹೈಡ್ರಾಲಿಕ್ ಆಯಿಲ್, ಸೀಟ್ ಬೆಲ್ಟು? ಟ್ಯಾಂಕಿನ ತಳದಲ್ಲಿ ಉಳಿದುಬಿಡುವ, ಎಂಜಿನ್‌ಗೆ ಎಂದೂ ಸಿಗದ ಇಂಧನ? ಇವಕ್ಕೆಲ್ಲ ತೂಕ ಇದೆ. ಅದೂ ಹೋಗಲಿ. ರೆಕ್ಕೆ ಇಷ್ಟೇ ದೊಡ್ಡದಿರಲಿ ಅಂತ ಮಾಡೆಲ್ ಬರೆಯುವಾಗ ಹೇಗೆ ತೀರ್ಮಾನ ಮಾಡಿದೆ? ಎಷ್ಟು ತೂಕ ಎತ್ತಬೇಕು ಅಂತ ಗೊತ್ತಿಲ್ಲದೆ ರೆಕ್ಕೆಯ ಅಳತೆ ಎಲ್ಲಿಂದ ಬಂತು? ಸೈಟಿನ ಅಳತೆ ನೋಡದೆ ಮನೆಗೆ ಬಣ್ಣ ಆರಿಸಿದ ಹಾಗಾಯಿತು.

ನನ್ನ ಮಾತು ಒಂದೇ. ವಿಮಾನದ ಡಿಸೈನ್ ಅಂತ ಎಂ.ಟೆಕ್ ಮಾಡುವವರು ಮೊದಲು ತೂಕದ ಲೆಕ್ಕ ಕಲಿಯಬೇಕು. ಕೈಯಲ್ಲಿ, ಕಾಗದದ ಮೇಲೆ. ಮಿಕ್ಕಿದ್ದೆಲ್ಲ ಆಮೇಲೆ.

ಸುಮ್ನೆ ಬೈಯೋದು ಬೇಡ, ಲೆಕ್ಕನೇ ಮಾಡೋಣ. ಪೆನ್ನು ತಗೊಳ್ಳಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಕೂತು ಕೇಳುತ್ತಿರುವವರಿಗೆ ಟೈಮ್ ಹೇಗೂ ಇದೆ, ನೀವೂ ಮಾಡಿ.

ಎರಡು ಸೀಟಿನ ಒಂದು ತರಬೇತಿ ವಿಮಾನ. ಇಬ್ಬರು ಮನುಷ್ಯರು, ತಲಾ 80 ಕೆ.ಜಿ. ಬ್ಯಾಗು 20 ಕೆ.ಜಿ. ಒಟ್ಟು 180. ಇದು ಪೇಲೋಡ್. ಈ ಜಾತಿಯ ವಿಮಾನಗಳಲ್ಲಿ ಒಟ್ಟು ತೂಕದ ನೂರು ಭಾಗದಲ್ಲಿ ಸುಮಾರು 62 ಭಾಗ ಖಾಲಿ ವಿಮಾನದ್ದೇ ಅಂತ ಇಟ್ಟುಕೊಳ್ಳಿ. ಇಂಧನಕ್ಕೆ 13 ಭಾಗ. ಈ 13 ಎಲ್ಲಿಂದ ಬಂತು ಅಂದರೆ ಹಾರುವ ದೂರಕ್ಕೆ ಎಷ್ಟು ಇಂಧನ ಬೇಕು ಅಂತ ಹೇಳುವ ಬ್ರೆಗೆ ಸಮೀಕರಣದಿಂದ. 62 ಮತ್ತು 13 ಕೂಡಿದರೆ 75. ಉಳಿದಿದ್ದು 25. ಆ 25 ಭಾಗದಲ್ಲಿ ನಿಮ್ಮ 180 ಕೆ.ಜಿ. ಕೂರಬೇಕು. ಅಂದರೆ ಒಟ್ಟು ತೂಕ 180ರ ನಾಲ್ಕು ಪಟ್ಟು, 720 ಕೆ.ಜಿ. ನಮ್ಮ ಎನ್‌ಎಎಲ್‌ನ (ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಎರಡು ಸೀಟಿನ ಹಂಸ-3 ವಿಮಾನದ ಗರಿಷ್ಠ ಟೇಕಾಫ್ ತೂಕ 750 ಕೆ.ಜಿ. ಅರ್ಧ ಹಾಳೆಯ ಲೆಕ್ಕ ನಿಮ್ಮನ್ನು ಎಷ್ಟು ಹತ್ತಿರ ತಂದು ನಿಲ್ಲಿಸಿತು ನೋಡಿ.

ಈಗ ಮುಖ್ಯವಾದ್ದು. ಯಾರೋ ಬಂದು 20 ಕೆ.ಜಿ. ಸಾಮಾನು ಸೇರಿಸಿ ಅಂತಾರೆ. ಇನ್ನೊಂದು ಡಿಸ್‌ಪ್ಲೇ, ಇನ್ನೊಂದು ರೇಡಿಯೊ. 20 ಕೆ.ಜಿ. ತಾನೇ ಅನಿಸುತ್ತೆ, ಅಲ್ವಾ? 200ರ ನಾಲ್ಕು ಪಟ್ಟು 800. ಸೇರಿಸಿದ್ದು 20, ವಿಮಾನ ಬೆಳೆದದ್ದು 80. ಭಾರ ಹೆಚ್ಚಾದರೆ ರೆಕ್ಕೆ ದೊಡ್ಡದಾಗಬೇಕು, ರೆಕ್ಕೆ ದೊಡ್ಡದಾದರೆ ಎಂಜಿನ್ ಶಕ್ತಿ ಜಾಸ್ತಿ ಬೇಕು, ಅದಕ್ಕೆ ಇಂಧನ ಜಾಸ್ತಿ, ಇಷ್ಟನ್ನೂ ಹೊರಲು ಲ್ಯಾಂಡಿಂಗ್ ಗೇರ್, ಅಂದರೆ ಚಕ್ರ ಮತ್ತು ಅದರ ಕಾಲು, ಗಟ್ಟಿ ಆಗಬೇಕು. ಇನ್ನೊಂದು ನೋಡಿ. ಖಾಲಿ ತೂಕದ ಪಾಲು 62 ಅಲ್ಲ, 67 ಬಂತು ಅಂತ ಇಟ್ಟುಕೊಳ್ಳಿ. ಬರೀ ಐದು ಭಾಗ ತಪ್ಪಿತು. ಈಗ ಪೇಲೋಡ್‌ಗೆ ಉಳಿದಿದ್ದು 20 ಭಾಗ. ಅದೇ 180 ಕೆ.ಜಿ.ಗೆ ಈಗ 900 ಕೆ.ಜಿ. ವಿಮಾನ ಬೇಕು! ಇದನ್ನು ಒಂದು ಸಲ ಕೈಯಲ್ಲಿ ಮಾಡಿದವರು ಜೀವನಪೂರ್ತಿ ಮರೆಯಲ್ಲ. ಈ ಶೀಟ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ಉಚಿತ. ಇಳಿಸಿಕೊಳ್ಳಿ, ಸ್ನೇಹಿತರಿಗೂ ಕಳಿಸಿ.

ಇಷ್ಟು ಹೇಳಿದರೂ "ಸರ್, ಎಂಜಿನ್ ದೊಡ್ಡದು ಹಾಕಿದರಾಯ್ತು" ಅನ್ನುವವರು ಇದ್ದೇ ಇರುತ್ತಾರೆ. ಎಲ್ಲಿಂದ ತರ್ತೀರಪ್ಪ? ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಮಾರುತ್ ನೋಡಿಕೊಂಡು ಬನ್ನಿ. ಜರ್ಮನಿಯ ವಿಮಾನ ಡಿಸೈನರ್ ಕುರ್ಟ್ ಟ್ಯಾಂಕ್ ನಮ್ಮ ಎಂಜಿನಿಯರ್‌ಗಳ ಜೊತೆ ಇದೇ ಬೆಂಗಳೂರಿನಲ್ಲಿ ಡಿಸೈನ್ ಮಾಡಿದ ಫೈಟರ್. 1961ರ ಜೂನ್‌ನಲ್ಲಿ ಮೊದಲು ಹಾರಿತು. ಏನು ಚೆಂದದ ವಿಮಾನ! ಶಬ್ದದ ಎರಡು ಪಟ್ಟು ವೇಗದ ಆಸೆ ಇಟ್ಟುಕೊಂಡು ಮಾಡಿದ ಮೈಕಟ್ಟು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲೇ ಇಲ್ಲ. ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಸುಟ್ಟು ಶಕ್ತಿ ಹೆಚ್ಚಿಸುವ ಭಾಗ) ಇಲ್ಲದ ಆರ್ಫಿಯಸ್ ಎಂಜಿನ್‌ಗಳಲ್ಲೇ ಅದು ಸೇವೆ ಮುಗಿಸಿತು. ಎಂಜಿನ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ನಿಮ್ಮ ಕೈಯಲ್ಲಿ ಇರುವುದು ತೂಕ ಮಾತ್ರ.

ಸಾರಸ್ ವಿಷಯ ಹೇಳುತ್ತೇನೆ, ಎನ್‌ಎಎಲ್ ಮಾಡಿದ ಪುಟ್ಟ ಪ್ರಯಾಣಿಕ ವಿಮಾನ. ಎನ್‌ಎಎಲ್ ಬಗ್ಗೆ ನನಗೆ ತುಂಬ ಗೌರವ ಇದೆ, ಅದಕ್ಕೇ ಹೇಳುತ್ತಿರುವುದು. 2004ರ ಮೇ ತಿಂಗಳಲ್ಲಿ ಹಾರಿದ ಮೊದಲ ಸಾರಸ್ ಅಂದಾಜಿಗಿಂತ ಬಹಳ ಭಾರ ಇತ್ತು. ಎರಡನೇ ಮಾದರಿಗೆ 850 ಅಶ್ವಶಕ್ತಿಯ ಎಂಜಿನ್‌ಗಳ ಬದಲು 1200ರದ್ದು ಹಾಕಬೇಕಾಯಿತು. ನೌಕಾಪಡೆಯ ತೇಜಸ್? 2016ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮುಖ್ಯಸ್ಥರೇ ಬಾಯಿಬಿಟ್ಟು ಹೇಳಿದರು, ಹಡಗಿನ ಮೇಲಿಂದ ಹಾರಲು ಇದರ ತೂಕ ಜಾಸ್ತಿ ಅಂತ. ನಮ್ಮವರು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಎಫ್-35 ಇದೆಯಲ್ಲ, ಅದರಲ್ಲಿ ನೇರ ಕೆಳಗೆ ಇಳಿಯುವ ಮಾದರಿ 2004ರ ಹೊತ್ತಿಗೆ ಎಷ್ಟು ಭಾರವಾಗಿತ್ತು ಅಂದರೆ, ತೂಕ ಇಳಿಸೋದಕ್ಕೆ ಅಂತಲೇ ಒಂದು ತಂಡ ಕಟ್ಟಿದರು. ಸಾವಿರ ಕೆ.ಜಿ.ಗೂ ಮೀರಿ ಕೆರೆದು ತೆಗೆದರು. ಅವರ ಹತ್ತಿರ ಸಾಫ್ಟ್‌ವೇರ್ ಇರಲಿಲ್ವಾ? ಜಗತ್ತಿನಲ್ಲಿರುವ ಎಲ್ಲ ಸಾಫ್ಟ್‌ವೇರೂ ಇತ್ತು!

ಇನ್ನೊಂದು ಕಾಮೆಂಟ್. "ಸೇಫ್ಟಿಗೆ ಸ್ವಲ್ಪ ದಪ್ಪ ಮಾಡಿದ್ರೆ ಏನಾಗುತ್ತೆ?" ಇದು ಕೇಳಿದಾಗಲೆಲ್ಲ ನಾನು ಬೋಯಿಂಗ್ 777ರ ಪರೀಕ್ಷೆಯ ವಿಡಿಯೊ ತೋರಿಸುತ್ತೇನೆ. ದೊಡ್ಡ ಪ್ರಯಾಣಿಕ ವಿಮಾನ ಸೇವೆಯಲ್ಲಿ ಎದುರಿಸಬಹುದಾದ ಅತಿ ಹೆಚ್ಚಿನ ಭಾರ ಒಂದಿದೆ, ಲಿಮಿಟ್ ಲೋಡ್. ಅದರ ಒಂದೂವರೆ ಪಟ್ಟನ್ನು ರೆಕ್ಕೆ ತಡೆಯಬೇಕು ಅನ್ನೋದು ನಿಯಮ. 1995ರಲ್ಲಿ ನೆಲದ ಮೇಲೆ ರೆಕ್ಕೆಯನ್ನು ಬಗ್ಗಿಸುತ್ತಾ ಬಗ್ಗಿಸುತ್ತಾ ಹೋದರು. ರೆಕ್ಕೆ ತುದಿ ಆಕಾಶಕ್ಕೆ ಎದ್ದು ನಿಂತಿತ್ತು. ಲಿಮಿಟ್ ಲೋಡ್ ನೂರು ಅಂದರೆ 154ರಲ್ಲಿ ಮುರಿಯಿತು. ಬೇಕಾದದ್ದು 150. ಮೇಲೆ ನಾಲ್ಕೇ ನಾಲ್ಕು! ಅಂದರೆ ಆ ರೆಕ್ಕೆಯಲ್ಲಿ ದಂಡಕ್ಕೆ ಹೊತ್ತ ಲೋಹ ಹೆಚ್ಚುಕಡಿಮೆ ಇಲ್ಲ. ಅದು ಡಿಸೈನ್. 2006ರಲ್ಲಿ ಏರ್‌ಬಸ್ ಎ380ರ ರೆಕ್ಕೆ ಒಂದೂವರೆ ಪಟ್ಟು ಮುಟ್ಟುವ ಸ್ವಲ್ಪ ಮುಂಚೆಯೇ ಮುರಿಯಿತು, ಅದಕ್ಕೆ ಬಲ ಕೊಟ್ಟರು. ಅಂಚಿನ ಮೇಲೇ ಕೆಲಸ ಮಾಡಬೇಕು ಸ್ವಾಮಿ. ದಪ್ಪ ಮಾಡೋದಕ್ಕೆ ಎಂ.ಟೆಕ್ ಬೇಕಾ?

ರಾಕೆಟ್ ಅಭಿಮಾನಿಗಳು ನಮಗೆ ಇದೆಲ್ಲ ಯಾಕೆ ಅಂತ ಕೂತಿದ್ದೀರಿ. ನಿಮಗೆ ಇನ್ನೂ ಕಷ್ಟ. ರಾಕೆಟ್‌ನ ಕೊನೆಯ ಹಂತದಲ್ಲಿ 1 ಕೆ.ಜಿ. ಜಾಸ್ತಿ ಆದರೆ ಕಕ್ಷೆಗೆ ಹೋಗುವ ಉಪಗ್ರಹದಲ್ಲಿ 1 ಕೆ.ಜಿ. ಕಡಿಮೆ. ಅಷ್ಟೇ, ಮುಗಿಯಿತು.

ತೂಕ ಎಷ್ಟು ಅನ್ನೋದರ ಜೊತೆ ಎಲ್ಲಿ ಅನ್ನೋದೂ ಬೇಕು. ನಮ್ಮ 720 ಕೆ.ಜಿ. ವಿಮಾನದಲ್ಲಿ 12 ಕೆ.ಜಿ. ಬ್ಯಾಟರಿಯನ್ನು ಜಾಗ ಇಲ್ಲ ಅಂತ 2 ಮೀಟರ್ ಹಿಂದೆ ತಳ್ಳಿದಿರಿ. ಗುರುತ್ವ ಕೇಂದ್ರ 3.3 ಸೆಂ.ಮೀ. ಹಿಂದೆ ಹೋಯಿತು. ರೆಕ್ಕೆಯ ಸರಾಸರಿ ಕಾರ್ಡ್, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲ, 1.2 ಮೀಟರ್ ಆಗಿದ್ದರೆ ಸ್ಟ್ಯಾಟಿಕ್ ಮಾರ್ಜಿನ್‌ನಲ್ಲಿ, ಅಂದರೆ ವಿಮಾನ ತಾನೇ ಸ್ಥಿರವಾಗಿರಲು ಇರುವ ಅಂತರದಲ್ಲಿ, ಸುಮಾರು 3 ಶೇಕಡಾ ಹೋಯಿತು. ಇದ್ದದ್ದೇ 8 ಅಂದುಕೊಳ್ಳಿ, ಉಳಿದದ್ದು 5. ಒಂದು ಬ್ಯಾಟರಿಯಿಂದ! ತೇಜಸ್‌ನಲ್ಲಿ ಸ್ಥಿರತೆಯನ್ನು ಬೇಕಂತಲೇ ಬಿಟ್ಟುಕೊಟ್ಟಿದ್ದಾರೆ, ಕಂಪ್ಯೂಟರ್ ಹಿಡಿದು ನಿಲ್ಲಿಸುತ್ತೆ. ತರಬೇತಿ ವಿಮಾನದಲ್ಲಿ ಕಲಿಯುವ ಹುಡುಗಿಯನ್ನು ಯಾರು ಹಿಡಿದು ನಿಲ್ಲಿಸುತ್ತಾರೆ?

ಈಗ ನನ್ನ ಹೊಟ್ಟೆಯುರಿ. ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ಕಳಿಸುತ್ತಾರೆ. ಒಳಗೆ ಬರೀ ಸಿಎಫ್‌ಡಿ ಚಿತ್ರಗಳು, ಅಂದರೆ ಗಾಳಿಯ ಹರಿವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ್ದು. ಕೆಂಪು, ಹಳದಿ, ನೀಲಿ, ಪುಟದ ತುಂಬ. ತೂಕದ ಪಟ್ಟಿ ಎಲ್ಲಪ್ಪ ಅಂದರೆ "ಗೈಡ್ ಕೇಳಲಿಲ್ಲ ಸರ್." ಇದಾ ಡಿಸೈನ್? ಒಂದು ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತೆ ಅನ್ನೋದು ವಿಶ್ಲೇಷಣೆ. ಒಳ್ಳೆಯದೇ, ಬೇಕು. ಆದರೆ ಆ ರೆಕ್ಕೆ ಯಾಕೆ ಅಷ್ಟಿದೆ ಅಂತ ಹೇಳೋಕೆ ಬರದಿದ್ದರೆ ನೀವು ಡಿಸೈನ್ ಓದಿಲ್ಲ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಎಂಎಸ್‌ಸಿ ಹುಡುಗರೆಲ್ಲ ಸೇರಿ ಒಂದು ಪೂರ್ತಿ ವಿಮಾನ ಡಿಸೈನ್ ಮಾಡುತ್ತಾರೆ. ಒಬ್ಬರಿಗೆ ರೆಕ್ಕೆ, ಒಬ್ಬರಿಗೆ ಬಾಲ, ಒಬ್ಬರಿಗೆ ಲ್ಯಾಂಡಿಂಗ್ ಗೇರ್. ಬಾಲದವನು ಭಾರ ಮಾಡಿಕೊಂಡು ಬಂದರೆ ರೆಕ್ಕೆಯವನು ಜಗಳಕ್ಕೆ ಬರಬೇಕು! ಆ ಜಗಳದಲ್ಲೇ ಕಲಿಯೋದು. ಎಂ.ಟೆಕ್ ಸೇರುವ ಮುಂಚೆ ಆ ವಿಭಾಗಕ್ಕೆ ಫೋನ್ ಮಾಡಿ ಕೇಳಿ: ಪೂರ್ತಿ ವಿಮಾನದ ಡಿಸೈನ್ ಪ್ರಾಜೆಕ್ಟ್ ಇದೆಯಾ, ತೂಕದ ಲೆಕ್ಕ ಯಾರು ನೋಡುತ್ತಾರೆ? ಗೇಟ್ ಬರೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸರ್ಕಾರ ಕೊಡುತ್ತೆ. ಜನರ ದುಡ್ಡು ಅದು. ಬಣ್ಣದ ಚಿತ್ರಕ್ಕೆ ಕೊಡ್ತಿಲ್ಲ.

"ಈಗ ಎಐ ಇದೆ ಸರ್." ಇರಲಿ. ಅದಕ್ಕೂ ನೀವೇ ತೂಕ ಹೇಳಬೇಕು. ತಪ್ಪು ತೂಕ ಕೊಟ್ಟರೆ ತಪ್ಪು ವಿಮಾನವನ್ನು ಬೇಗ ಕೊಡುತ್ತೆ. ಅಷ್ಟೇ ವ್ಯತ್ಯಾಸ.

"ಬೆಂಗಳೂರಿನಲ್ಲಿ ಕೆಲಸ ಇರೋದು ಬ್ರಾಕೆಟ್ ಮಾಡೋದಕ್ಕೆ, ಪೂರ್ತಿ ವಿಮಾನ ಯಾರು ಮಾಡಿಸ್ತಾರೆ?" ಹೌದಾ? ಏರ್‌ಬಸ್ ಇಲ್ಲಿದೆ, ಬೋಯಿಂಗ್ 2024ರಲ್ಲಿ ದೇವನಹಳ್ಳಿ ಹತ್ತಿರ 43 ಎಕರೆಯಲ್ಲಿ ಕ್ಯಾಂಪಸ್ ತೆರೆದಿದೆ. ತೇಜಸ್ ಡಿಸೈನ್ ಮಾಡಿದ ಎಡಿಎ, ಎಚ್‌ಎಎಲ್, ಎನ್‌ಎಎಲ್, ಇಸ್ರೊ ಎಲ್ಲ ಇಲ್ಲೇ. ಬ್ರಾಕೆಟ್, ಅಂದರೆ ಒಂದು ಭಾಗವನ್ನು ಇನ್ನೊಂದಕ್ಕೆ ಹಿಡಿದಿಡುವ ಸಣ್ಣ ತುಂಡು, ಮಾಡಿ, ಬೇಡ ಅಂದವರಾರು? ಆ ಬ್ರಾಕೆಟ್‌ನಲ್ಲಿ 40 ಗ್ರಾಂ ಉಳಿಸಿದರೆ ಏನಾಗುತ್ತೆ ಅಂತ ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಒಂದೇ ಸಂಬಳ ಇರಬಹುದು. ಆದರೆ ಒಬ್ಬ ಡಿಸೈನರ್, ಇನ್ನೊಬ್ಬ ಅಲ್ಲ.

ಐಐಎಸ್‌ಸಿಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು 1942ರಲ್ಲಿ. ಅಲ್ಲಿ ಪಾಠ ಮಾಡಿದ ವಿ.ಎಂ. ಘಾಟಗೆಯವರು ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ಡಿಸೈನ್ ಮಾಡಿಸಿದರು. 1951ರ ಆಗಸ್ಟ್‌ನಲ್ಲಿ ಹಾರಿತು. ಯಾವ ಕಂಪ್ಯೂಟರ್ ಇತ್ತು? ಸ್ಲೈಡ್ ರೂಲ್ ಇತ್ತು, ಪೆನ್ಸಿಲ್ ಇತ್ತು. ತೂಕದ ಲೆಕ್ಕ ಇತ್ತು! ಅದು ಹಾರಿದ ಊರಿನಲ್ಲಿ ಕೂತು ಎಂ.ಟೆಕ್ ಮಾಡ್ತಾ, ತೂಕ ಯಾಕೆ ಅಂತ ಕೇಳ್ತೀರಲ್ರೀ!

ತೂಕ. ಮೊದಲು ತೂಕ. ಮಾಡೆಲ್ ಓಪನ್ ಮಾಡುವ ಮುಂಚೆ ತೂಕ. ನಿಮ್ಮ ಗೈಡ್ ಕೇಳಲಿ ಬಿಡಲಿ, ತೂಕ. ಇನ್ನೂ ಒಪ್ಪದವರು ಕಾಮೆಂಟ್ ಹಾಕಿ, ಆದರೆ ಜೊತೆಗೆ ನಿಮ್ಮ ವಿಮಾನದ ತೂಕದ ಪಟ್ಟಿ ಹಾಕಿ. ಪಟ್ಟಿ ಇಲ್ಲದ ವಾದಕ್ಕೆ ನಾನು ಉತ್ತರ ಕೊಡಲ್ಲ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಅದಕ್ಕೇನೂ ತೂಕ ಇಲ್ಲ. ಭಾನುವಾರ ಬೆಳಿಗ್ಗೆ 11 ಗಂಟೆಗೆ ಲೈವ್ ಬರುತ್ತೇನೆ. ನೀವು ಕಳಿಸಿದ ಪಟ್ಟಿಗಳನ್ನು ಒಂದೊಂದೇ ತೆಗೆದು ನೋಡೋಣ. ಲ್ಯಾಂಡಿಂಗ್ ಗೇರ್ ಸಾಲು ಖಾಲಿ ಬಿಟ್ಟು ಕಳಿಸಬೇಡಿ, ವಾಪಸ್ ಕಳಿಸುತ್ತೇನೆ.