ಗ್ಯಾರೇಜ್‌ನಲ್ಲಿ ವಿಮಾನ: ಎಡಗಡೆ ಟ್ಯಾಂಕ್ ಮತ್ತು ಆ ಸೀಲೆಂಟ್ ಡಬ್ಬಿ

ನಮಸ್ಕಾರ ಎಲ್ರಿಗೂ. ಅಮೆರಿಕದ ಡೇಟನ್‌ನಲ್ಲಿ ಇವತ್ತೂ ಹಿಮ. ಕಾರು ಎರಡೂ ಹೊರಗಡೆ ನಿಂತಿವೆ, ಗ್ಯಾರೇಜ್ ಪೂರ್ತಿ ರೆಕ್ಕೆಗೆ ಬಿಟ್ಟುಕೊಟ್ಟಿದೀವಿ. ಟೇಬಲ್ ಹತ್ರ ಸ್ವೆಟರ್, ಮಂಕಿ ಕ್ಯಾಪ್ ಹಾಕ್ಕೊಂಡು ಕೂತಿರೋರು ನಮ್ಮಪ್ಪ. ಪಕ್ಕದಲ್ಲಿ ಮಗಳು. ಕ್ಯಾಮೆರಾಗೆ ಬೆನ್ನು ಮಾಡಿಕೊಂಡು ಏನೋ ತೂಕ ಹಾಕ್ತಿರೋರು ನಮ್ಮನೆಯವರು.

ಹೊಸದಾಗಿ ನೋಡ್ತಿರೋರಿಗೆ ಒಂದೇ ಮಾತಲ್ಲಿ ಹೇಳ್ಬಿಡ್ತೀನಿ. ನಾವು ಕಟ್ತಿರೋದು ಆರ್‌ವಿ-10, ನಾಲ್ಕು ಸೀಟಿನ ವಿಮಾನ. ಕಿಟ್ ಮಾರೋ ಕಂಪನಿಯವರು ತಗಡು ಕತ್ತರಿಸಿ, ತೂತು ಹೊಡೆದು ಕಳಿಸ್ತಾರೆ, ಉಳಿದಿದ್ದೆಲ್ಲ ನಮ್ಮ ಕೆಲಸ. ಬಾಲ ಮುಗಿದಿದೆ, ಈಗ ರೆಕ್ಕೆ. ಇದಕ್ಕೆ ಪರ್ಮಿಷನ್ ಇದೆಯಾ ಅಂತ ಪ್ರತಿ ಸಲ ಕೇಳ್ತೀರಿ. ಇದೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಇದನ್ನ ಎಕ್ಸ್‌ಪೆರಿಮೆಂಟಲ್ ಅನ್ನೋ ವರ್ಗದಲ್ಲಿ ಒಪ್ಪುತ್ತೆ. ಆದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಕ್ಕೋ ಕಲಿಯೋಕೋ ಕಟ್ಟೋರ ಕೈಯಿಂದಲೇ ಆಗಿರಬೇಕು. ದುಡ್ಡು ಕೊಟ್ಟು ಬೇರೆಯವರ ಕೈಲಿ ಪೂರ್ತಿ ಕಟ್ಟಿಸಿಕೊಂಡು ನಮ್ಮದು ಅಂದ್ರೆ ನಡೆಯಲ್ಲ. ಈ ನಿಯಮ ನಂಗೆ ತುಂಬಾ ಇಷ್ಟ.

ಸರಿ, ಈಗ ಟ್ಯಾಂಕ್. ಈ ವಿಮಾನದಲ್ಲಿ ರೆಕ್ಕೆ ಒಳಗೆ ಬೇರೆ ಟ್ಯಾಂಕ್ ಇಡಲ್ಲ. ರೆಕ್ಕೆಯ ಮುಂಭಾಗದ ತಗಡೇ ಟ್ಯಾಂಕಿನ ಗೋಡೆ. ಒಂದೊಂದು ಕಡೆ 30 ಗ್ಯಾಲನ್, ಅಂದ್ರೆ ಹತ್ತಿರ ಹತ್ತಿರ 114 ಲೀಟರ್ ಪೆಟ್ರೋಲು. ತಗಡು ಜೋಡಿಸೋಕೆ ಹೊಡೆಯೋ ಪ್ರತಿ ರಿವೆಟ್ಟೂ ಆ ಗೋಡೆಗೆ ಒಂದು ತೂತು ಅಂತ ಲೆಕ್ಕ. ಅದಕ್ಕೇ ಪ್ರತಿಯೊಂದಕ್ಕೂ ಸೀಲೆಂಟ್, ಅಂದ್ರೆ ಲೀಕ್ ತಡೆಯೋ ಅಂಟು, ಹಾಕಿ ಹೊಡೀಬೇಕು. ಈ ಬೂದು ಬಣ್ಣದ್ದು ಕಾಣಿಸ್ತಿದೆಯಲ್ಲ, ಅದೇ. ಬಿಳೀದು ಹತ್ತು ಭಾಗ, ಕಪ್ಪು ಒಂದು ಭಾಗ, ಗ್ರಾಂ ಲೆಕ್ಕದಲ್ಲಿ ತೂಕ ಹಾಕಿ ಕಲಸಬೇಕು. ಕಲಸಿದ ಮೇಲೆ ಎರಡು ಗಂಟೆ ಟೈಮು, ಆಮೇಲೆ ಗಟ್ಟಿಯಾಗೋಕೆ ಶುರು. ಹಲಸಿನಹಣ್ಣಿನ ಅಂಟು ಇದೆಯಲ್ಲ, ಅದೇ ಥರ: ಕೈಗೆ, ಕೂದಲಿಗೆ, ಬಾಗಿಲ ಹಿಡಿಗೆ, ಎಲ್ಲದಕ್ಕೂ. ಮೇಲಿಂದ ಗಂಧಕದ ವಾಸನೆ.

ಈಗ ಈ ಡಬ್ಬಿ ಕಥೆ ಹೇಳಲೇಬೇಕು. ಒಂದು ಅಂಗಡಿಯಿಂದ ತರಿಸಿದ್ವಿ, ಹೆಸರು ಬೇಡ. ಶಿಪ್ಪಿಂಗು, ಕೆಮಿಕಲ್ ಅಂತ ಅದರ ಮೇಲೊಂದು ಚಾರ್ಜು, ಎಲ್ಲಾ ಸೇರಿ ನೂರು ಡಾಲರ್ ಮೇಲೇ ಆಯ್ತು. ಡಬ್ಬಿ ತಿರುಗಿಸಿ ನೋಡಿದ್ರೆ ಎಕ್ಸ್‌ಪೈರಿಗೆ ಮೂರೇ ವಾರ! ಇದು ತಿಂಗಳುಗಟ್ಟಲೆ ಬಾಳೋ ಸಾಮಾನು. ಅವರ ಗೋಡೌನ್‌ನಲ್ಲಿ ಆ ಆಯಸ್ಸೆಲ್ಲ ಕಳೆದು, ಕೊನೇ ಮೂರು ವಾರ ನಮ್ಮ ಪಾಲಿಗೆ ಬಂದಿದೆ. ಫೋನ್ ಮಾಡಿದೆ. ಎಕ್ಸ್‌ಪೈರ್ ಆಗಿಲ್ವಲ್ಲ ಮೇಡಂ, ಕೆಮಿಕಲ್ ವಾಪಸ್ ತಗೊಳಲ್ಲ ಅಂದ್ರು. ಇದು ತಪ್ಪು. ಗೋಡೆಗೆ ಬಳಿಯೋ ಬಣ್ಣ ಅಲ್ಲ ಇದು, ನನ್ನ ಮಗಳು ಕೂರೋ ವಿಮಾನದಲ್ಲಿ ಪೆಟ್ರೋಲ್ ತಡೆಯೋ ವಸ್ತು. ತಾರೀಖು ಹೇಳಿ ಮಾರಬೇಕು. ಹೇಳಿ, ಬೇಕಿದ್ರೆ ದುಡ್ಡು ಕಮ್ಮಿ ಮಾಡಿ ಕೊಡಿ, ತಗೊಳೋರು ತಗೊಳ್ತಾರೆ. ಹೇಳದೇ ಪೂರ್ತಿ ರೇಟಿಗೆ ಕಳಿಸೋದು ಮೋಸ.

ನಮ್ಮನೆಯವರು, ಒಂದು ವಾರ ಆಚೀಚೆ ಆದ್ರೂ ಏನಾಗಲ್ಲ ಬಿಡು ಅಂದ್ರು. ಅಪ್ಪ ಕೂತಲ್ಲಿಂದಲೇ, "ಅಳಿಯಂದ್ರೇ, ತಾರೀಖು ದಾಟಿದ್ರೆ ನಮ್ಮ ಶಾಪ್‌ನಲ್ಲಿ ಅದು ಸ್ಕ್ರ್ಯಾಪು. ಮಾತಿಲ್ಲ" ಅಂದ್ಬಿಟ್ರು.

ಅಪ್ಪ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಫಿಟ್ಟರ್ ಆಗಿದ್ದೋರು. ಕಿರಣ್ ಟ್ರೈನರ್ ವಿಮಾನಕ್ಕೆ ರಿವೆಟ್ ಹೊಡೆದ ಕೈ ಅದು. ಬೆಂಗಳೂರಿಂದ ಆರು ತಿಂಗಳಿಗೆ ಅಂತ ಬಂದಿದಾರೆ. ಬಂದ ದಿನ ಕಾಫಿ ಕುಡಿದು ಮೊದಲು ನೋಡಿದ್ದು ಬಾಲದ ರಿವೆಟ್ಟುಗಳನ್ನ, ಉಗುರಲ್ಲಿ ಸವರಿ ಸವರಿ. ಅವರು ಬೆಳೆದ ಕಾರ್ಖಾನೆಯಲ್ಲಿ 1951ರಲ್ಲೇ ಎಂಜಿನಿಯರ್ ಘಾಟಗೆಯವರ ತಂಡ ಎಚ್‌ಟಿ-2 ಹಾರಿಸಿತ್ತು, ನಮ್ಮ ದೇಶದಲ್ಲೇ ಡಿಸೈನ್ ಮಾಡಿದ ಟ್ರೈನರ್. ನಮ್ಮೂರಲ್ಲಿ ಎಷ್ಟು ಜನಕ್ಕೆ ಘಾಟಗೆಯವರ ಹೆಸರು ಗೊತ್ತು ಹೇಳಿ? ಇಲ್ಲಿ ಡೇಟನ್‌ನಲ್ಲಿ ರೈಟ್ ಸಹೋದರರ ಹೆಸರು ಬೀದಿಬೀದಿಯಲ್ಲಿದೆ. ಅವರು ಹಾರಾಟ ಅಭ್ಯಾಸ ಮಾಡಿದ ಹಫ್‌ಮನ್ ಪ್ರೇರಿ ನಮ್ಮನೆಯಿಂದ ದೂರ ಇಲ್ಲ, ಅಪ್ಪನ್ನ ಕರ್ಕೊಂಡು ಹೋಗಿದ್ವಿ. ಅವರ 1903ರ ಇಂಜಿನ್ ಮಾಡಿದ್ದು ಚಾರ್ಲಿ ಟೇಲರ್ ಅಂತ ಅವರದೇ ಸೈಕಲ್ ಅಂಗಡಿಯ ಮೆಕ್ಯಾನಿಕ್ಕು. ಬರೀ 12 ಹಾರ್ಸ್‌ಪವರ್. ನಮ್ಮದಕ್ಕೆ ಬರೋದು 260. ಅಪ್ಪ ಅಲ್ಲಿ ಅಣ್ಣತಮ್ಮಂದಿರ ಬಗ್ಗೆ ಜಾಸ್ತಿ ಕೇಳಲಿಲ್ಲ, ಆ ಟೇಲರ್ ಬಗ್ಗೇನೇ ಕೇಳಿದ್ರು.

ಅಯ್ಯೋ, ರಿವೆಟ್ ಹೊಡೆಯೋ ಶಾಟ್ ಶುರುವಾಗಿ ಆಗಲೇ ಅರ್ಧ ಆಯ್ತು. ನೋಡಿ, ನೋಡಿ. ಹೊರಗಡೆಯಿಂದ ರಿವೆಟ್ ಗನ್ ಹಿಡಿದಿರೋದು ತಾತ. ಟ್ಯಾಂಕ್ ಒಳಗೆ ಮೊಣಕೈ ತನಕ ಕೈ ಹಾಕಿ ಡಾಲಿ ಒತ್ತಿರೋದು ಮೊಮ್ಮಗಳು. ಡಾಲಿ ಅಂದ್ರೆ ಆ ಪುಟ್ಟ ಭಾರದ ಕಬ್ಬಿಣದ ತುಂಡು. ಈ ಕಡೆ ಗನ್ ಬಡಿದಾಗ ಆ ಕಡೆ ರಿವೆಟ್ಟಿನ ಬಾಲ ಅದರ ಮೇಲೆ ಕೂತು ಚಪ್ಪಟೆ ಆಗುತ್ತೆ. ರಿವೆಟ್ ಎಷ್ಟು ದಪ್ಪವೋ ಅದರ ಒಂದೂವರೆಯಷ್ಟು ಅಗಲ ಆಗಬೇಕು. ಕಮ್ಮಿ ಆದ್ರೆ ಹಿಡಿಯಲ್ಲ, ಜಾಸ್ತಿ ಬಡಿದ್ರೆ ಸೀಳುತ್ತೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಅವಳು ಒಳಗಿಂದ ತಗಡಿಗೆ ಒಂದು ಸಲ ತಟ್ಟಿದ್ರೆ ಹೊಡಿ ಅಂತ, ಎರಡು ಸಲ ತಟ್ಟಿದ್ರೆ ಸರಿಯಾಯ್ತು, ಮುಂದಕ್ಕೆ ಹೋಗು ಅಂತ. ತಾತನಿಗೆ ಕಿವಿ ಮಂದ, ಮೇಲೆ ಇಯರ್ ಮಫ್ ಬೇರೆ. ಆ ತಟ್ಟಿದ್ದು ಅವರಿಗೆ ಕೈಗೇ ಗೊತ್ತಾಗುತ್ತೆ. ಈ ಕೆಲಸಕ್ಕೆ ಇಬ್ಬರಿದ್ರೇ ಚೆನ್ನ, ಒಬ್ಬರ ಕೈಯಲ್ಲಿ ತುಂಬಾ ಕಷ್ಟ. ನಾನು ಇದನ್ನ ನಮ್ಮನೆಯವರ ಹವ್ಯಾಸ ಅಂದ್ಕೊಂಡಿದ್ದೋಳು. ಈಗ ಇದು ನಮ್ಮ ಮನೆ ಕೆಲಸ.

ರೆಕ್ಕೆ, ಟ್ಯಾಂಕ್ ಅರ್ಧಂಬರ್ಧ ಕಟ್ಟಿಯೇ ಕಳಿಸೋ ಕಿಟ್ಟೂ ಸಿಗುತ್ತೆ, ಜಾಸ್ತಿ ದುಡ್ಡಿಗೆ. ತಾಳ್ಮೆ ಇಲ್ದಿರೋರು ಅದನ್ನ ತಗೊಳ್ತಾರೆ ಅಂತ ಹೇಳ್ತಿದ್ದೆ. ಮಧ್ಯಾಹ್ನ ಈ ವಾಸನೇಲಿ ನಿಂತಾಗ ಅವರೇ ಬುದ್ಧಿವಂತರು ಅನ್ನಿಸ್ತು. ಸಂಜೆ ಮಗಳು ಹೊಡೆಸಿದ ಸಾಲು ನೋಡಿದೆ, ಇಲ್ಲ, ನಮಗೆ ಇದೇ ಸರಿ.

ಗೋಡೇಲಿ ತೂಗುಹಾಕಿರೋ ಅಲ್ಯೂಮಿನಿಯಂ ಪಟ್ಟಿಗಳು ಅಪ್ಪನ ಕಾನೂನು. ಪ್ರತಿ ಸಲ ಕಲಸಿದಾಗಲೂ ಒಂದು ಪಟ್ಟಿಗೆ ಒಂದಿಷ್ಟು ಬಳಿದು, ಮಾರ್ಕರ್‌ನಲ್ಲಿ ತಾರೀಖು, ಟೈಮು, ಕಲಸಿದೋರ ಹೆಸರು ಬರೀಬೇಕು. ಎರಡು ದಿನ ಬಿಟ್ಟು ಉಗುರಲ್ಲಿ ಒತ್ತಿ ನೋಡ್ತಾರೆ, ರಬ್ಬರ್ ಥರ ಎದ್ದು ಬಂದ್ರೆ ಆ ದಿನದ ಸಾಲು ಪಾಸು. ಈ ಚಳೀಲಿ ನಿಧಾನಕ್ಕೆ ಗಟ್ಟಿಯಾಗ್ತಿದೆ, ಅದಕ್ಕೇ ಟ್ಯಾಂಕ್ ಪಕ್ಕ ಕರೆಂಟಿನ ಆಯಿಲ್ ಹೀಟರ್ ಇಟ್ಟಿರೋದು. ಬೆಂಕಿ ಕಾಣೋ ಹೀಟರ್ ಇಲ್ಲಿ ಇಡಲೇಬಾರದು, ತೊಳೆಯೋಕೆ ಬಳಸೋ ದ್ರಾವಕಕ್ಕೆ ಬೇಗ ಬೆಂಕಿ ಹತ್ತುತ್ತೆ. ನೀವ್ಯಾರಾದ್ರೂ ಕಟ್ತಿದ್ರೆ ದಯವಿಟ್ಟು ಇದನ್ನ ನೆನಪಿಟ್ಕೊಳಿ.

ಕ್ಲಿಪ್ ಮುಗೀತಾ ಬಂತು. ಎಡಗಡೆ ಟ್ಯಾಂಕ್ ತಾರೀಖಿನ ಒಳಗೇ ಮುಗೀತು. ಮುಂದಿನ ಸಲ ಇದಕ್ಕೆ ಬಲೂನ್ ಕಟ್ಟಿ, ಗಾಳಿ ತುಂಬಿ, ರಿವೆಟ್ಟುಗಳ ಮೇಲೆ ಸೋಪಿನ ನೀರು ಹಾಕಿ ನೋಡೋದು. ಗುಳ್ಳೆ ಬಂದ್ರೆ ಲೀಕ್ ಇದೆ ಅಂತ. ಬಲಗಡೆ ಟ್ಯಾಂಕ್‌ಗೆ ಬೇರೆ ಅಂಗಡಿಗೆ ಫೋನ್ ಮಾಡಿದ್ದೆ, ಡಬ್ಬಿ ತಳದ ಫೋಟೋ ಕಳಿಸಿ, ಆಮೇಲೇ ದುಡ್ಡು ಅಂದೆ. ಕಳಿಸಿದಾರೆ. ಅಪ್ಪ ನೋಡಿ, ಸರಿ, ಎರಡು ಡಬ್ಬಿ ಹೇಳು ಅಂದ್ರು.