ಮೂಕಿ ತೆರೆಯಿಂದ ರಂಗದ ಮೆಟ್ಟಿಲಿಗೆ: ಲಿಲಿಯನ್ ಗಿಶ್ ಅವರ ಕಸುಬು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನಟಿ ಲಿಲಿಯನ್ ಗಿಶ್ ಹುಟ್ಟಿದ್ದು 1893ರ ಅಕ್ಟೋಬರ್ 14ರಂದು, ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ. ತೀರಿಕೊಂಡದ್ದು 1993ರ ಫೆಬ್ರವರಿ 27ರಂದು. ನೂರು ತುಂಬಲು ಎಂಟು ತಿಂಗಳೂ ಬಾಕಿ ಇರಲಿಲ್ಲ. ಮೊದಲ ಚಿತ್ರ 1912ರಲ್ಲಿ, ಕೊನೆಯದು 1987ರಲ್ಲಿ. ನಡುವೆ 75 ವರ್ಷ. ಅವರ ಹೆಸರು ಬಂದಾಗಲೆಲ್ಲ ಆ ನಾಜೂಕು ಮುಖ, ದೊಡ್ಡ ಕಣ್ಣು, ಅಳುಬುರುಕ ಪಾತ್ರಗಳ ಮಾತು ಬರುತ್ತದೆ. ಆ ಮುಖದ ಹಿಂದಿದ್ದ ದುಡಿಮೆಯ ಮಾತು ಬರುವುದು ಕಡಿಮೆ. ಉಸಿರನ್ನು ಎಲ್ಲಿ ಅಡಗಿಸಬೇಕು, ಯಾವ ಫಿಲಂ ಯಾವ ಬಣ್ಣವನ್ನು ಹೇಗೆ ಹಿಡಿಯುತ್ತದೆ, ಹೆಪ್ಪುಗಟ್ಟುವ ನೀರಿನಲ್ಲಿ ಕೈ ಇಳಿಬಿಟ್ಟರೆ ನೋಡುವವರಿಗೆ ಏನು ಗೊತ್ತಾಗುತ್ತದೆ, ಇವನ್ನೆಲ್ಲ ಲೆಕ್ಕ ಹಾಕಿ ನಟಿಸಿದವರು ಅವರು. ಇವತ್ತು ಆ ಲೆಕ್ಕಾಚಾರದ ಕಡೆಗೇ ನಿಮ್ಮ ಗಮನ ಸೆಳೆಯುತ್ತೇನೆ.

ತಂದೆ ಸಂಸಾರವನ್ನು ಬಿಟ್ಟುಹೋದ ಮೇಲೆ ತಾಯಿ ಹೊಟ್ಟೆಪಾಡಿಗಾಗಿ ರಂಗಭೂಮಿ ಹಿಡಿದರು. ಲಿಲಿಯನ್ ಮತ್ತು ತಂಗಿ ಡೊರೊತಿ ಇನ್ನೂ ಎಳೆಯ ಮಕ್ಕಳಾಗಿದ್ದಾಗಲೇ ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡತೊಡಗಿದರು. ಅಲ್ಲಿ ಕಲಿತ ಮೊದಲ ಪಾಠ ಬಲು ಒರಟಾದದ್ದು: ಕೊನೆಯ ಸಾಲಿನವರಿಗೂ ಕೇಳುವಂತೆ ಮಾತಾಡದಿದ್ದರೆ ಕಂಪನಿಯವರು ಬೇರೆ ಹುಡುಗಿಯನ್ನು ಹುಡುಕಿಕೊಳ್ಳುತ್ತಾರೆ. ಮಾತಿಲ್ಲದ ಚಿತ್ರಗಳಿಂದ ಹೆಸರು ಮಾಡಿದ ನಟಿಯ ತಳಪಾಯ ದನಿಯ ಮೇಲೆ ನಿಂತಿತ್ತು ಅನ್ನುವುದನ್ನು ನೆನಪಿಡಿ. ಮುಂದೆ ಅದೇ ಅವರನ್ನು ಕಾಯಿತು.

1912ರಲ್ಲಿ ಅಕ್ಕತಂಗಿಯರು ನ್ಯೂಯಾರ್ಕಿನ 14ನೇ ಬೀದಿಯಲ್ಲಿದ್ದ ಬಯೋಗ್ರಾಫ್ ಸ್ಟುಡಿಯೋಗೆ ಹೋದರು. ಹಳೆಯ ಗೆಳತಿ, ನಟಿ ಮೇರಿ ಪಿಕ್‌ಫರ್ಡ್ ಆಗಲೇ ಅಲ್ಲಿದ್ದರು. ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವರಿಗೆ ಈ ಇಬ್ಬರಲ್ಲಿ ಯಾರು ಯಾರೆಂದು ತಿಳಿಯದೆ, ಲಿಲಿಯನ್ ತಲೆಗೆ ನೀಲಿ ರಿಬ್ಬನ್, ಡೊರೊತಿಗೆ ಕೆಂಪು ರಿಬ್ಬನ್ ಕಟ್ಟಿಸಿ, 'ನೀಲಿ' 'ಕೆಂಪು' ಎಂದೇ ಕರೆದು ತಾಲೀಮು ನಡೆಸಿದರಂತೆ. ಹೆದರಿಕೆ ನಿಜವಾಗಿ ಮೂಡಲಿ ಎಂದು ಪಿಸ್ತೂಲು ಹಾರಿಸುತ್ತ ಅಟ್ಟಾಡಿಸಿದ್ದೂ ಉಂಟು.

ಗ್ರಿಫಿತ್ ಅವರ ಪದ್ಧತಿಯಲ್ಲಿ ಕ್ಯಾಮೆರಾ ತಿರುಗುವ ಮೊದಲೇ ಇಡೀ ಚಿತ್ರದ ತಾಲೀಮು ಆಗಬೇಕು. ಹೀಗಾಗಿ ನಟಿಗೆ ಪಾತ್ರವನ್ನು ಮೈಗೂಡಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಲಿಲಿಯನ್ ಆ ಸಮಯವನ್ನು ಪೂರ್ತಿ ಬಳಸಿದರು. ಕತ್ತಿವರಸೆ ಕಲಿತರು, ನೃತ್ಯ ಕಲಿತರು, ಒಂದೊಂದು ಸ್ನಾಯುವೂ ಹೇಳಿದ ಮಾತು ಕೇಳುವಂತೆ ಮೈ ಪಳಗಿಸಿದರು.

ಇಲ್ಲೊಂದು ವಿಷಯವನ್ನು ಮರೆಮಾಚುವಂತಿಲ್ಲ. 1915ರ 'ದಿ ಬರ್ತ್ ಆಫ್ ಎ ನೇಶನ್' ಚಿತ್ರದಲ್ಲಿ ಲಿಲಿಯನ್ ನಾಯಕಿ. ಆ ಚಿತ್ರ ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಎಂಬ ಕ್ರೂರ ಸಂಘಟನೆಯನ್ನು ವೀರರ ದಂಡಿನಂತೆ ಮೆರೆಸುತ್ತದೆ, ಕಪ್ಪು ಜನರನ್ನು ಕೀಳಾಗಿ ಕಾಣಿಸುತ್ತದೆ. ಬಿಡುಗಡೆಯಾದ ವರ್ಷವೇ ಕಪ್ಪು ಜನರ ಹಕ್ಕಿನ ಸಂಘಟನೆ ಅದನ್ನು ಪ್ರತಿಭಟಿಸಿತ್ತು. 2019ರಲ್ಲಿ ಒಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯ ತನ್ನ ಚಿತ್ರಮಂದಿರಕ್ಕಿದ್ದ ಗಿಶ್ ಸೋದರಿಯರ ಹೆಸರನ್ನು ತೆಗೆದುಹಾಕಿತು. ನಟನೆಯ ಹಿರಿಮೆಯಿಂದ ಆ ಚಿತ್ರ ಮಾಡಿದ ಹಾನಿ ಕಡಿಮೆಯಾಗುವುದಿಲ್ಲ.

ಈಗ ಫಿಲಂ ವಿಷಯಕ್ಕೆ ಬರೋಣ. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲಮ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪಾದದ್ದೆಲ್ಲ ಪರದೆಯ ಮೇಲೆ ಕಪ್ಪು, ನೀಲಿಯಾದದ್ದೆಲ್ಲ ಬಿಳಿ. ತುಟಿಗೆ ಕೆಂಪು ಹಚ್ಚಿದರೆ ಬಾಯಿ ಇದ್ದ ಕಡೆ ಕಪ್ಪು ಗೀಟು. ಕೆನ್ನೆಯ ಕೆಂಪು ಹೊಲಸು ಮೆತ್ತಿದಂತೆ. ತಿಳಿನೀಲಿ ಕಣ್ಣಿನವರ ಕಣ್ಣುಗುಡ್ಡೆ ಬಿಳಿಚಿಕೊಂಡು ಕುರುಡರ ನೋಟ ಬರುತ್ತಿತ್ತು. ಲಿಲಿಯನ್ ಅವರ ಕಣ್ಣೂ ನೀಲಿಯೇ. ಆದ್ದರಿಂದ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ರೆಪ್ಪೆಯ ನೆರಳು ಎಲ್ಲಿ ಕೂರುತ್ತದೆ ಎಂದು ನಟಿಗೂ ಗೊತ್ತಿರಬೇಕಿತ್ತು. ಹೆಂಡ್ರಿಕ್ ಸಾರ್ಟೋವ್ ಎಂಬ ಛಾಯಾಗ್ರಾಹಕರು ಒಮ್ಮೆ ಲಿಲಿಯನ್ನರ ಸ್ಥಿರಚಿತ್ರಗಳನ್ನು ಮೆದುವಾಗಿ ಮೂಡಿಸುವ ಲೆನ್ಸಿನಲ್ಲಿ ತೆಗೆದದ್ದನ್ನು ಕಂಡು, ಇವರನ್ನು ಚಿತ್ರಕ್ಕೆ ತೆಗೆದುಕೊಳ್ಳಿ ಎಂದು ಗ್ರಿಫಿತ್ ಅವರಿಗೆ ಹೇಳಿದ್ದು ಲಿಲಿಯನ್ನರೇ. ಮುಂದೆ 1926ರ 'ಲಾ ಬೊಹೆಮ್' ಹೊತ್ತಿಗೆ, ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಮ್ಮೇ ಬೇಕೆಂದು ಪಟ್ಟು ಹಿಡಿದರು.

1919ರ 'ಬ್ರೋಕನ್ ಬ್ಲಾಸಮ್ಸ್' ಚಿತ್ರವನ್ನು ನೋಡಿ. ಲಂಡನ್ನಿನ ಬಡ ಕೇರಿಯ ಹದಿಹರೆಯದ ಹುಡುಗಿ ಲೂಸಿ. ಕುಡುಕ ಅಪ್ಪ ದಿನವೂ ಬಡಿಯುತ್ತಾನೆ. ಆಗ ಲಿಲಿಯನ್ನರಿಗೆ 25 ವರ್ಷ. ಬೆನ್ನು ಬಾಗಿಸಿ, ಭುಜ ಒಳಕ್ಕೆ ಎಳೆದು, ಹೆಜ್ಜೆ ಎಳೆಯುತ್ತ ಮೈಯನ್ನೇ ಚಿಕ್ಕದು ಮಾಡಿಕೊಂಡರು. ಅಪ್ಪ "ನಗು" ಎಂದು ಗದರಿಸಿದಾಗ ಹುಡುಗಿಗೆ ನಗು ಬರುವುದಿಲ್ಲ. ಎರಡು ಬೆರಳು ಬಾಯಿಯ ಎರಡು ಕೊನೆಗಿಟ್ಟು ತುಟಿಯನ್ನು ಮೇಲಕ್ಕೆ ತಳ್ಳುತ್ತಾಳೆ. ಬಾಯಿ ಮಾತ್ರ ಏಳುತ್ತದೆ, ಕಣ್ಣು ಇದ್ದಲ್ಲೇ ಇರುತ್ತದೆ. ತಾಲೀಮಿನಲ್ಲಿ ಲಿಲಿಯನ್ನರಿಗೇ ಹೊಳೆದದ್ದು ಅದು. ಹುಡುಗಿ ಸಾಯುವಾಗ ಮತ್ತೆ ಅದೇ ಬೆರಳುಗಳು ತುಟಿಗೆ ಬರುತ್ತವೆ.

ಅದೇ ಚಿತ್ರದ ಗೂಡಿನಂಥ ಕೋಣೆಯ ದೃಶ್ಯ ನನ್ನ ಲೆಕ್ಕದಲ್ಲಿ ಮೂಕಿ ಯುಗದ ಅತಿ ದೊಡ್ಡ ನಟನೆ. ಲೂಸಿ ಒಳಗೆ ಅಡಗಿ ಚಿಲಕ ಹಾಕಿಕೊಂಡಿದ್ದಾಳೆ, ಹೊರಗಿನಿಂದ ಅಪ್ಪ ಕೊಡಲಿಯಲ್ಲಿ ಬಾಗಿಲು ಒಡೆಯುತ್ತಿದ್ದಾನೆ. ಇಂಥ ಕಡೆ ಸಾಧಾರಣ ನಟಿ ಮೂಲೆ ಹಿಡಿದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಲಿಲಿಯನ್ ಸುತ್ತತೊಡಗುತ್ತಾರೆ. ಇದ್ದ ಒಂದಿಷ್ಟು ಜಾಗದಲ್ಲೇ ಗೋಡೆಯಿಂದ ಗೋಡೆಗೆ, ದಾರಿಯಿಲ್ಲವೆಂದು ಗೊತ್ತಿದ್ದೂ ಗರಗರ ತಿರುಗುತ್ತಾರೆ. ದನಿ ದಾಖಲಾಗದಿದ್ದರೂ ನಿಜವಾಗಿಯೇ ಕಿರುಚಿದರು. ಕಾರಣವಿದೆ: ಬಾಯಿ ಮಾತ್ರ ತೆರೆದರೆ ಕತ್ತಿನ ನರ ಬಿಗಿಯುವುದಿಲ್ಲ, ಹೊಟ್ಟೆ ಒಳಸೇರುವುದಿಲ್ಲ, ಕ್ಯಾಮೆರಾಗೆ ಆ ಸುಳ್ಳು ತಕ್ಷಣ ಕಾಣುತ್ತದೆ. ಇದೇ ಚಿತ್ರದಲ್ಲಿ ಬಿಳಿಯ ನಟ ರಿಚರ್ಡ್ ಬಾರ್ಥೆಲ್ಮೆಸ್ ಚೀನೀ ಯುವಕನ ವೇಷ ಹಾಕಿದ್ದಾರೆ. ಇಂದಿನ ಕಣ್ಣಿಗೆ ಅದು ಚುಚ್ಚುತ್ತದೆ, ಚುಚ್ಚಬೇಕು ಕೂಡ.

ಈ ದೃಶ್ಯ ನೋಡಿ ಕೆಲವರು ನಗುತ್ತಾರೆ. ತಪ್ಪು ಹೆಚ್ಚಾಗಿ ಪ್ರದರ್ಶನದ್ದು. ಆಗ ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ ಸುಮಾರು 16ರಿಂದ 18 ಬಿಡಿಚಿತ್ರ ತೆಗೆಯುತ್ತಿದ್ದರು. ಟಾಕಿ ಯಂತ್ರ ಓಡುವುದು 24ರ ವೇಗದಲ್ಲಿ. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ 90 ನಿಮಿಷದ ಚಿತ್ರ 60 ನಿಮಿಷಕ್ಕೆ ಮುಗಿಯುತ್ತದೆ, ನಡುಗುವ ಕೈ ಕುಣಿಯುವ ಕೈಯಾಗುತ್ತದೆ. ಜನ ಗೊಂಬೆಗಳ ಹಾಗೆ ಟಕಟಕ ನಡೆಯುತ್ತಿದ್ದರೆ ಆ ಪ್ರತಿಯನ್ನು ಬಿಟ್ಟು ಬೇರೆ ಪ್ರತಿ ಹುಡುಕಿ.

1920ರ 'ವೇ ಡೌನ್ ಈಸ್ಟ್' ಚಿತ್ರದ ಹಿಮಗಡ್ಡೆಯ ದೃಶ್ಯ ಎಲ್ಲಕ್ಕಿಂತ ಪ್ರಸಿದ್ಧ. ಹಿಮಗಾಳಿಯ ಭಾಗವನ್ನು ನ್ಯೂಯಾರ್ಕ್ ಬಳಿಯ ಮಮಾರೊನೆಕ್‌ನಲ್ಲಿ, ಮಾರ್ಚ್ ತಿಂಗಳ ನಿಜವಾದ ಬಿರುಗಾಳಿಗೆ ಕಾದು ತೆಗೆದರು. ಕ್ಯಾಮೆರಾದ ಎಣ್ಣೆ ಹೆಪ್ಪುಗಟ್ಟದಿರಲು ಕೆಳಗೆ ಸಣ್ಣ ಬೆಂಕಿ, ಕ್ಯಾಮೆರಾ ಹಾರಿಹೋಗದಿರಲು ಅದರ ಕಾಲುಗಳನ್ನು ಹಿಡಿದುಕೊಳ್ಳಲು ಆಳುಗಳು. ಲಿಲಿಯನ್ನರ ರೆಪ್ಪೆಗಳ ಮೇಲೆ ಹಿಮದ ಹರಳು ಕಟ್ಟಿದ್ದನ್ನು ಕಂಡ ಗ್ರಿಫಿತ್, ಛಾಯಾಗ್ರಾಹಕ ಬಿಲ್ಲಿ ಬಿಟ್ಜರ್ ಅವರಿಗೆ ಮುಖದ ಹತ್ತಿರ ಹೋಗಲು ಹೇಳಿದರು. ನದಿಯ ಭಾಗವನ್ನು ತೆಗೆದದ್ದು ವರ್ಮಾಂಟ್ ರಾಜ್ಯದ ವೈಟ್ ರಿವರ್ ಜಂಕ್ಷನ್‌ನಲ್ಲಿ. ನೀರ ಮೇಲಿನ ದಪ್ಪ ಹಿಮವನ್ನು ಕೊಯ್ದು, ಒಡೆದು, ತೇಲುವ ಹಾಸುಗಳನ್ನಾಗಿ ಮಾಡಿದರು.

ನಾಯಕಿ ಪ್ರಜ್ಞೆ ತಪ್ಪಿ ಹಾಸಿನ ಮೇಲೆ ಬಿದ್ದಿದ್ದಾಳೆ. ಸುಮ್ಮನೆ ಮುದುರಿ ಮಲಗಿದರೆ ಹಿಮವೂ ಮೈಯೂ ಒಂದೇ ಬಿಳುಪು, ಅಪಾಯ ಕಣ್ಣಿಗೆ ಕಾಣುವುದಿಲ್ಲ. ಒಂದು ಕೈ ಮತ್ತು ಕೂದಲು ನೀರಿನಲ್ಲಿ ಎಳೆದುಕೊಂಡು ಹೋಗಲಿ ಎಂದು ಲಿಲಿಯನ್ನರೇ ಸೂಚಿಸಿದರು. ಆಗ ನೀರಿನ ಸೆಳೆತ ಗೊತ್ತಾಗುತ್ತದೆ, ಚಳಿ ಗೊತ್ತಾಗುತ್ತದೆ, ಹುಡುಗಿಗೆ ತನ್ನ ಕೈಯ ಅರಿವೂ ಇಲ್ಲವೆಂದು ಗೊತ್ತಾಗುತ್ತದೆ. ದಿನಕ್ಕೆ ಎಷ್ಟೋ ಸಲ ಆ ಹಾಸಿನ ಮೇಲೆ ಮಲಗಬೇಕಾಯಿತು. ಇದಕ್ಕಾಗಿ ಮೊದಲೇ ತಣ್ಣೀರ ಸ್ನಾನ, ಚಳಿಯಲ್ಲಿ ನಡಿಗೆ ಮಾಡಿ ಮೈ ಗಟ್ಟಿ ಮಾಡಿಕೊಂಡಿದ್ದರು. ಆದರೂ ಆ ಕೈಯ ಬೆರಳುಗಳು ಪೂರ್ತಿ ಸರಿಹೋಗಲಿಲ್ಲ, ಚಳಿ ಬಂದರೆ ನೋಯುತ್ತಿದ್ದವು. ನಟಿಯ ಸೂಚನೆ ಸರಿಯಾದದ್ದೇ. ಆದರೆ ಆ ಚಳಿಯಲ್ಲಿ ಕೈಯನ್ನು ಕಾಪಾಡುವ ಏರ್ಪಾಡು ಚಿತ್ರ ತಯಾರಿಸಿದವರ ಹೊಣೆಯಾಗಿತ್ತು. ಅದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

1925ರಲ್ಲಿ ಹಾಲಿವುಡ್ಡಿನ ಚಿತ್ರ ಕಂಪನಿ ಎಂಜಿಎಂನೊಡನೆ ಆರು ಚಿತ್ರಗಳಿಗೆ 8 ಲಕ್ಷ ಡಾಲರ್ ಒಪ್ಪಂದವಾಯಿತು. 'ಲಾ ಬೊಹೆಮ್' ಚಿತ್ರದ ನಾಯಕಿ ಕ್ಷಯದಿಂದ ಸಾಯುತ್ತಾಳೆ. ಲಿಲಿಯನ್ ಆಸ್ಪತ್ರೆಗೆ ಹೋಗಿ ಕ್ಷಯರೋಗಿಗಳನ್ನು ಗಮನಿಸಿದರು. ಸಾವಿನ ದೃಶ್ಯಕ್ಕೆ ಮೊದಲು ಮೂರು ದಿನ ನೀರು ಕುಡಿಯಲಿಲ್ಲ. ತುಟಿ ಒಣಗಲು ಬಾಯೊಳಗೆ ಹತ್ತಿ ಇಟ್ಟು ಎಂಜಲು ಹೀರಿಸಿದರು. ಎದೆ ಏಳದ ಹಾಗೆ ಉಸಿರಾಡುವುದನ್ನು ಅಭ್ಯಾಸ ಮಾಡಿದರು. ಸತ್ತ ಪಾತ್ರದ ಎದೆ ಏಳುವುದು ಇಂದಿಗೂ ತೆರೆಯ ಮೇಲೆ ಕಾಣುವ ಸಾಮಾನ್ಯ ದೋಷ. ನಿರ್ದೇಶಕ ಕಿಂಗ್ ವಿಡರ್ ಒಂದು ಕ್ಷಣ ನಿಜವಾಗಿಯೇ ಹೆದರಿದರು. ಮೂರು ದಿನ ನೀರು ಬಿಡುವುದನ್ನು ಮಾತ್ರ ಯಾವ ನಟರೂ ಅನುಸರಿಸಬಾರದು. ಉಸಿರಿನ ಅಭ್ಯಾಸ ಮತ್ತು ಹತ್ತಿ, ಇವೆರಡೇ ಸಾಕು.

1928ರ 'ದಿ ವಿಂಡ್' ಅವರ ಮೂಕಿ ಚಿತ್ರಗಳ ಶಿಖರ. ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್ ನಿರ್ದೇಶನ, ಮೊಹಾವೆ ಮರುಭೂಮಿಯಲ್ಲಿ ಚಿತ್ರೀಕರಣ. ಬಿಸಿಲು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 49 ಡಿಗ್ರಿ. ಫಿಲಮ್ಮಿನ ಮೇಲಿನ ಲೇಪ ಕರಗದಿರಲು ಅದನ್ನು ಮಂಜುಗಡ್ಡೆಯಲ್ಲಿಡಬೇಕಿತ್ತು. ವಿಮಾನದ ಎಂಟು ಪ್ರೊಪೆಲ್ಲರುಗಳಿಂದ ಗಾಳಿ ಎಬ್ಬಿಸಿ ಮರಳು ಎರಚಿದರು. ಕಾದ ಬಾಗಿಲ ಹಿಡಿಗೆ ಕೈ ತಾಗಿ ಲಿಲಿಯನ್ನರ ಚರ್ಮ ಸುಟ್ಟಿತು. ಮೂಕಿಯಲ್ಲಿ ಗಾಳಿಗೆ ಸದ್ದಿಲ್ಲ. ಹಾಗಾಗಿ ಅದು ನಟಿಯ ಮೈಯಲ್ಲೇ ಕಾಣಬೇಕು. ತಾನು ಹೂತ ಹೆಣವನ್ನು ಗಾಳಿ ಮರಳು ಸರಿಸಿ ಹೊರಹಾಕುವುದನ್ನು ನಾಯಕಿ ಕಿಟಕಿಯಿಂದ ನೋಡುವ ಕ್ಷಣದಲ್ಲಿ ಮುಖ ಹೆಚ್ಚೇನೂ ಮಾಡುವುದಿಲ್ಲ, ಕಣ್ಣು ಅಗಲವಾಗುತ್ತ ಹೋಗುತ್ತದೆ ಅಷ್ಟೆ. ಆ ಹೊತ್ತಿಗೆ ಟಾಕಿ ಬಂದಿತ್ತು, ಜನರಿಗೆ ದನಿ ಬೇಕಿತ್ತು. ಚಿತ್ರ ನಷ್ಟ ತಂದಿತು.

ಮೂಕಿ ತಾರೆಯರಲ್ಲಿ ಹಲವರು ಅಲ್ಲಿಗೆ ಮರೆಯಾದರು. ಲಿಲಿಯನ್ ರಂಗಕ್ಕೆ ಮರಳಿದರು. 1930ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕೋರ್ಟ್ ಥಿಯೇಟರಿನಲ್ಲಿ ರಷ್ಯದ ನಾಟಕಕಾರ ಚೆಕಾಫ್ ಅವರ 'ಅಂಕಲ್ ವಾನ್ಯ' ನಾಟಕದ ಎಲೆನಾ ಪಾತ್ರ. ಎಳೆತನದಲ್ಲಿ ಕಲಿತ ದನಿ ಕೆಲಸಕ್ಕೆ ಬಂತು. 1936ರಲ್ಲಿ ಇಂಗ್ಲೆಂಡಿನ ನಟ ಜಾನ್ ಗೀಲ್‌ಗುಡ್ ಅವರ ಹ್ಯಾಮ್ಲೆಟ್‌ಗೆ ಒಫೀಲಿಯಾ. 'ಲೈಫ್ ವಿತ್ ಫಾದರ್' ನಾಟಕವನ್ನು ಷಿಕಾಗೊದಲ್ಲಿ 66 ವಾರ ಆಡಿದರು. 1973ರಲ್ಲಿ ಮತ್ತೆ 'ಅಂಕಲ್ ವಾನ್ಯ', ಈ ಸಲ ಮುದುಕಿ ದಾದಿಯ ಪಾತ್ರ. ಒಂದೇ ನಾಟಕದ ಚೆಲುವೆಯನ್ನೂ ದಾದಿಯನ್ನೂ 43 ವರ್ಷದ ಅಂತರದಲ್ಲಿ ಆಡುವ ಯೋಗ ಎಷ್ಟು ಮಂದಿಗೆ ಸಿಕ್ಕೀತು?

ನಟ ಚಾರ್ಲ್ಸ್ ಲಾಟನ್ ತಮ್ಮ ಏಕೈಕ ನಿರ್ದೇಶನದ ಚಿತ್ರ, 1955ರಲ್ಲಿ ತೆರೆಕಂಡ 'ದಿ ನೈಟ್ ಆಫ್ ದಿ ಹಂಟರ್'ಗೆ ಸಿದ್ಧವಾಗುವಾಗ ಗ್ರಿಫಿತ್ ಅವರ ಹಳೆಯ ಚಿತ್ರಗಳನ್ನು ತರಿಸಿ ನೋಡಿದರು, ಲಿಲಿಯನ್ನರನ್ನು ಕರೆದರು. ಅನಾಥ ಮಕ್ಕಳನ್ನು ಸಾಕುವ ಗಟ್ಟಿಗಿತ್ತಿಯ ಪಾತ್ರ. ರಾತ್ರಿ ಕುರ್ಚಿಯಲ್ಲಿ ಬಂದೂಕು ಹಿಡಿದು ಕೂತ ಆ ಆಕೃತಿಯ ಬೆನ್ನನ್ನು ಗಮನಿಸಿ. ಲೂಸಿಗಾಗಿ ಬಾಗಿದ್ದ ಬೆನ್ನು ಇಲ್ಲಿ ನೆಟ್ಟಗೆ ನಿಂತು ಪಾತ್ರವನ್ನು ಹೇಳುತ್ತದೆ. 1971ರಲ್ಲಿ ಗೌರವ ಆಸ್ಕರ್ ಬಂತು. 1987ರಲ್ಲಿ ತೆರೆಕಂಡ 'ದಿ ವೇಲ್ಸ್ ಆಫ್ ಆಗಸ್ಟ್' ಚಿತ್ರದಲ್ಲಿ ಬೆಟ್ಟಿ ಡೇವಿಸ್ ಜೊತೆ ಮೇನ್ ರಾಜ್ಯದ ಕ್ಲಿಫ್ ದ್ವೀಪದಲ್ಲಿ ನಟಿಸಿದರು.

ಕೊನೆಯ ದಶಕಗಳಲ್ಲಿ ಅವರು ಹಳೆಯ ಚಿತ್ರಗಳನ್ನು ಉಳಿಸಿ ಎಂದು ಹೋದಲ್ಲೆಲ್ಲ ಕೇಳಿಕೊಂಡರು. ಆ ಕಾಲದ ಫಿಲಂ ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿ ತಪ್ಪಿದರೂ ಶೆಖೆ, ತೇವದಲ್ಲಿ ಮೊದಲು ಅಂಟಾಗಿ, ಆಮೇಲೆ ಕಂದು ಪುಡಿಯಾಗಿ ಹೋಗುತ್ತದೆ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಸುಮಾರು ನೂರಕ್ಕೆ 70 ಕಳೆದುಹೋಗಿವೆ ಎಂದು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ತಂಗಿ ಡೊರೊತಿಯನ್ನು ನಾಯಕಿಯಾಗಿಸಿ 1920ರಲ್ಲಿ ಲಿಲಿಯನ್ ನಿರ್ದೇಶಿಸಿದ ಒಂದೇ ಒಂದು ಚಿತ್ರ, 'ರಿಮಾಡೆಲಿಂಗ್ ಹರ್ ಹಸ್ಬೆಂಡ್', ಕಳೆದುಹೋದವುಗಳ ಪಟ್ಟಿಯಲ್ಲಿದೆ. ಉಳಿದವುಗಳಲ್ಲಿ 'ಬ್ರೋಕನ್ ಬ್ಲಾಸಮ್ಸ್', 'ದಿ ವಿಂಡ್', 'ದಿ ನೈಟ್ ಆಫ್ ದಿ ಹಂಟರ್', ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಮೂಕಿ ಚಿತ್ರಗಳ ವೇಗ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ನಮಸ್ಕಾರ.