ಸ್ಪೀಕರಿನ ಸ್ಪೈಡರ್ ಮತ್ತು ಸರೌಂಡ್: ಹಿಡಿಯುವುದೂ ಬಿಡುವುದೂ

ಎಲ್ಲರಿಗೂ ನಮಸ್ಕಾರ. ಸ್ಪೀಕರ್ ಕೊಳ್ಳುವಾಗ ಎಷ್ಟು ಇಂಚು, ಎಷ್ಟು ವ್ಯಾಟ್, ಮ್ಯಾಗ್ನೆಟ್ ಎಷ್ಟು ತೂಕ ಎಂದು ಕೇಳುತ್ತೇವೆ. ಅದುರಿ ಸದ್ದು ಹೊರಡಿಸುವ ಆಲಿಕೆಯಾಕಾರದ ಹಾಳೆಯನ್ನು, ಅಂದರೆ ಕೋನನ್ನು, ಹಿಡಿದು ನಿಲ್ಲಿಸಿರುವ ಎರಡು ಭಾಗಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಇವತ್ತಿನ ಮಾತು ಅವೆರಡರ ಬಗ್ಗೆ.

ಮೊದಲನೆಯದು ಸರೌಂಡ್. ಕೋನಿನ ಹೊರ ಅಂಚನ್ನು ಫ್ರೇಮಿಗೆ ಸೇರಿಸುವ ಫೋಮ್, ರಬ್ಬರ್ ಅಥವಾ ಬಟ್ಟೆಯ ಬಳೆ. ಎರಡನೆಯದು ಸ್ಪೈಡರ್. ಇದು ಕೋನಿನ ಹಿಂದೆ, ವಾಯ್ಸ್ ಕಾಯಿಲ್ (ಕೋನನ್ನು ತಳ್ಳುವ ತಂತಿಸುರುಳಿ) ಸುತ್ತಿದ ಕೊಳವೆಯ ಕುತ್ತಿಗೆಯನ್ನು ಹಿಡಿದಿರುವ ಅಲೆಅಲೆಯಾದ ಬಟ್ಟೆ. ಹತ್ತಿ ಅಥವಾ ಅರಾಮಿಡ್ ನೂಲಿನ ಬಟ್ಟೆಯನ್ನು ಫಿನಾಲಿಕ್ ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಇದನ್ನು ಮಾಡುತ್ತಾರೆ. ರಾಳ ಎಷ್ಟು, ಅಲೆ ಎಷ್ಟು ಎತ್ತರ ಎಂಬುದರ ಮೇಲೆ ಅದರ ಬಿಗಿ ನಿಲ್ಲುತ್ತದೆ.

ಎರಡೂ ಯಾಕೆ ಬೇಕು? ಮ್ಯಾಗ್ನೆಟ್ಟಿನ ಲೋಹದ ನಡುವೆ ಕಾಯಿಲ್ ಓಡಾಡುವ ಸಂದು ಬಹಳ ಕಿರಿದು. ದೊಡ್ಡ ವೂಫರಿನಲ್ಲಿ, ಅಂದರೆ ತಗ್ಗು ಶ್ರುತಿಯ ಬಾಸ್ ನುಡಿಸುವ ಸ್ಪೀಕರಿನಲ್ಲಿ, ಕಾಯಿಲ್ ಹಿಂದೆ ಮುಂದೆ 10 ಮಿ.ಮೀ. ಓಡಬೇಕು, ಆದರೆ ಪಕ್ಕಕ್ಕೆ ಅರ್ಧ ಮಿ.ಮೀ. ಸರಿದರೂ ಲೋಹಕ್ಕೆ ಉಜ್ಜುತ್ತದೆ. ಒಂದು ದಿಕ್ಕಿನಲ್ಲಿ ಮೆತ್ತಗೆ, ಉಳಿದೆಲ್ಲ ದಿಕ್ಕಿನಲ್ಲಿ ಬಿಗಿಯಾಗಿರಬೇಕು. ಒಂದೇ ಕೀಲಿನ ಬಾಗಿಲು ಜೋಲುವಂತೆ, ಒಂದೇ ಕಡೆ ಹಿಡಿದ ಕೋನ್ ಓಲಾಡುತ್ತದೆ. ಸರೌಂಡಿಗೂ ಸ್ಪೈಡರಿಗೂ ನಡುವೆ ಅಂತರ ಹೆಚ್ಚಿದ್ದಷ್ಟೂ ಓಲಾಟ ಕಡಿಮೆ. ತೆಳ್ಳನೆಯ ಕಾರ್ ಸಬ್‌ವೂಫರ್ ಮಾಡುವುದು ಕಷ್ಟವಾಗುವುದು ಇಲ್ಲಿಯೇ.

ಕಣ್ಣಿಗೆ ಬೀಳುವುದು ಸರೌಂಡ್, ಆದರೆ ಸಾಮಾನ್ಯ ವೂಫರಿನಲ್ಲಿ ಸ್ಪ್ರಿಂಗಿನ ಕೆಲಸದ ಹೆಚ್ಚಿನ ಪಾಲು ಸ್ಪೈಡರಿನದು. ಕೋನ್, ಕಾಯಿಲ್ ಎಲ್ಲ ಸೇರಿ 30 ಗ್ರಾಂ ತೂಗುವ 8 ಇಂಚಿನ ವೂಫರ್ ತೆಗೆದುಕೊಳ್ಳಿ. ಒಂದು ನ್ಯೂಟನ್ ಬಲಕ್ಕೆ ಕೋನ್ 0.9 ಮಿ.ಮೀ. ಸರಿದರೆ ಅದರ ಅನುರಣನ, ಅಂದರೆ ಕೋನ್ ತಾನಾಗಿಯೇ ಅದುರುವ ವೇಗ, ಸುಮಾರು 31 ಹರ್ಟ್ಜ್ (ಸೆಕೆಂಡಿಗೆ 31 ಸಲ). ಬಿಗಿ ಎರಡು ಪಟ್ಟಾದರೆ 43ಕ್ಕೆ ಏರುತ್ತದೆ. ಬಾಸ್ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದು ಹೀಗೆ ಬಟ್ಟೆಯ ತುಂಡಿನ ಕೈಯಲ್ಲೂ ಇದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರ್ ತಂದಾಗ ಈ ಲೆಕ್ಕವನ್ನೇ ತಿರುಗಿಸಿದರು: ಸಸ್ಪೆನ್ಷನನ್ನು, ಅಂದರೆ ಸ್ಪೈಡರನ್ನೂ ಸರೌಂಡನ್ನೂ, ತೀರಾ ಸಡಿಲ ಬಿಟ್ಟು, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಮುಖ್ಯ ಸ್ಪ್ರಿಂಗ್ ಮಾಡಿಕೊಂಡರು. ಗಾಳಿ ಬಟ್ಟೆಗಿಂತ ಶಿಸ್ತಿನ ಸ್ಪ್ರಿಂಗ್.

ಬಟ್ಟೆಗೆ ಆ ಶಿಸ್ತಿಲ್ಲ. ಸ್ವಲ್ಪ ದೂರ ಸಲೀಸಾಗಿ ಬಂದು, ಅಲೆಗಳು ಬಿಚ್ಚಿಕೊಂಡ ಮೇಲೆ ಗಕ್ಕನೆ ಬಿಗಿಯುತ್ತದೆ. ಎರಡೂ ಕಡೆ ಸಮನಾಗಿ ಬಿಗಿದರೆ ಮೂರನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಮೂರು ಪಟ್ಟು ಶ್ರುತಿಯ ಬೇಡದ ಸ್ವರ, ಏಳುತ್ತದೆ. ಒಂದು ಕಡೆ ಬೇಗ ಬಿಗಿದರೆ ಎರಡನೆಯದು ಏಳುವುದಲ್ಲದೆ, ಜೋರಾಗಿ ನುಡಿಸಿದಾಗ ಕಾಯಿಲ್ ತನ್ನ ನೆಲೆ ಬಿಟ್ಟು ಮೆತ್ತಗಿರುವ ಕಡೆಗೆ ಸರಿದು ನಿಲ್ಲುತ್ತದೆ. ಅರ್ಧವೃತ್ತದ ಸರೌಂಡಿಗೆ ಈ ಏರುಪೇರು ಹುಟ್ಟುಗುಣ. ಹೆಚ್ಚು ವ್ಯಾಟಿನ ವೂಫರುಗಳಲ್ಲಿ ಎರಡು ಸ್ಪೈಡರುಗಳನ್ನು ಒಂದಕ್ಕೊಂದು ಮಗುಚಿ ಹಾಕುವುದುಂಟು. ಒಂದರ ಓರೆ ಇನ್ನೊಂದರದನ್ನು ಕಳೆಯಲಿ ಎಂದು.

ಸರೌಂಡಿಗೆ ಇನ್ನೊಂದು ಕೆಲಸವಿದೆ. ಕೋನಿನಲ್ಲಿ ಹೊರಕ್ಕೆ ಹರಿದು ಬರುವ ಕಂಪನವನ್ನು ಅಂಚಿನಲ್ಲಿ ಹೀರಿಕೊಳ್ಳಬೇಕು. ಹೀರದಿದ್ದರೆ ಅದು ಹಿಂದಿರುಗಿ, ಮಧ್ಯಶ್ರುತಿಯ ಎಲ್ಲೋ ಒಂದು ಕಡೆ ಸದ್ದು ಕುಗ್ಗಿ ಗುಂಡಿ ಬೀಳುತ್ತದೆ. ರಬ್ಬರ್ ಇದರಲ್ಲಿ ಗಟ್ಟಿಗ, ಆದರೆ ಭಾರ.

ಇನ್ನು ಕೆಡುವುದು. ಮೊದಲ ಹೆಸರು ಪಾಲಿಯುರೆಥೇನ್ ಫೋಮಿನದೇ. ಗಾಳಿಯ ತೇವವೇ ಅದರ ಸರಪಳಿಗಳನ್ನು ಕತ್ತರಿಸುತ್ತದೆ, ಬಿಸಿಲು ಬೇರೆ. ಹತ್ತಿಪ್ಪತ್ತು ವರ್ಷದಲ್ಲಿ ಬೆರಳು ತಾಗಿಸಿದರೆ ಅಂಟಂಟಾಗಿ ಉದುರುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ರಬ್ಬರಿನ ಅಂಚಿರುವುದನ್ನೇ ಕೊಳ್ಳುವುದು ಲೇಸು. ಸ್ಪೈಡರಿನ ಕಾಯಿಲೆ ಬೇರೆ: ಕಾಯಿಲ್ ಕಾದು ಅಂಟು ಬಿಡುವುದು, ಬಟ್ಟೆ ಬಳಲುವುದು, ಜೋಲುವುದು. ವೂಫರನ್ನು ಮೇಲ್ಮುಖವಾಗಿ ಮಲಗಿಸಿದರೆ ಕೋನ್ ತನ್ನ ಭಾರಕ್ಕೇ ಇಳಿಯುತ್ತದೆ. ಎಷ್ಟು ಎಂಬುದನ್ನು ಅನುರಣನವೊಂದೇ ಹೇಳುತ್ತದೆ: 30 ಹರ್ಟ್ಜಿಗೆ ಸುಮಾರು 0.28 ಮಿ.ಮೀ., 20 ಹರ್ಟ್ಜಿಗೆ 0.62. ವರ್ಷಗಟ್ಟಲೆ ಹಾಗೇ ಇಟ್ಟರೆ ಇಳಿತ ಇನ್ನೂ ಹೆಚ್ಚುತ್ತದೆ. ನೆಟ್ಟಗೆ ನಿಲ್ಲಿಸಿದ ಭಾರದ ವೂಫರನ್ನು ಕೆಲವು ವರ್ಷಕ್ಕೊಮ್ಮೆ ಅರ್ಧಸುತ್ತು ತಿರುಗಿಸಿ ಹಾಕಿ.

ಫೋಮ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಹಳೆಯ ಫೋಮನ್ನೂ ಗೋಂದನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪೂರ್ತಿ ಕೆರೆಯಿರಿ. ಕಾಗದದ ಕೋನ್ ಆದರೆ ನೆನೆಸಬೇಡಿ. ನಡುವಿನ ಟೋಪಿ, ಅಂದರೆ ಡಸ್ಟ್ ಕ್ಯಾಪನ್ನು ಬಿಡಿಸಿ, ಕಾಯಿಲಿನ ಕೊಳವೆಗೂ ಅದರೊಳಗಿನ ಲೋಹದ ಕಂಬಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ನಾಲ್ಕೂ ಕಡೆ ಸಮನಾಗಿ ತೂರಿಸಿ. ಹೊಸ ಬಳೆಯನ್ನು ಮೊದಲು ಕೋನಿಗೆ ಅಂಟಿಸಿ. ಅದು ಒಣಗಿದ ಮೇಲೆ ಫ್ರೇಮಿಗೆ. ಒಂದು ದಿನ ಬಿಟ್ಟು ಪಟ್ಟಿಗಳನ್ನು ತೆಗೆದು, ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒತ್ತಿ ನೋಡಿ. ಸರಸರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ, ಮತ್ತೆ ಬಿಚ್ಚಲೇಬೇಕು. ಟೋಪಿ ಅಂಟಿಸುವುದು ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ.

ಇಲ್ಲಿಗೆ ನಿಲ್ಲಿಸಿಬಿಡುವವರೇ ಹೆಚ್ಚು. ಅಂಗಡಿಯಲ್ಲಿ ಸಿಗುವ ಬಳೆ ಅಳತೆಗೆ ಸರಿಹೊಂದಿದರೂ ಮೂಲದಷ್ಟೇ ಮೆತ್ತಗಿರಬೇಕೆಂದಿಲ್ಲ. ಆದ್ದರಿಂದ 1 ಕಿಲೊಓಮ್ ರೆಸಿಸ್ಟರನ್ನು ಸ್ಪೀಕರಿನೊಂದಿಗೆ ಸರಣಿಯಲ್ಲಿ ಹಾಕಿ, ಪೆಟ್ಟಿಗೆಯ ಹೊರಗಿಟ್ಟು, ಫೋನಿನ ಟೋನ್ ಆ್ಯಪಿನಿಂದ ಆಂಪ್ಲಿಫಯರ್ ಮೂಲಕ 15ರಿಂದ 100 ಹರ್ಟ್ಜ್‌ವರೆಗೆ ಮೆಲ್ಲಗೆ ಏರಿಸಿ. ಸ್ಪೀಕರಿನ ತುದಿಗಳಲ್ಲಿ ವೋಲ್ಟೇಜ್ ಎಲ್ಲಿ ತುತ್ತತುದಿಗೆ ಹೋಗುತ್ತದೋ ಅದೇ ಅನುರಣನ. ಜೋಡಿಯ ಎರಡೂ ಸ್ಪೀಕರುಗಳಲ್ಲಿ ಅಳೆಯಿರಿ. ಹೊಸ ಬಳೆ ಮೊದಲು ಬಿಗಿಯಾಗಿಯೇ ಇರುತ್ತದೆ. ಕೆಲವು ಗಂಟೆ ಬಾಸ್ ನುಡಿಸಿ ಮತ್ತೊಮ್ಮೆ ಅಳೆಯಿರಿ. ಆಗಲೂ ಎರಡರ ನಡುವೆ ಹತ್ತು ಹರ್ಟ್ಜ್ ಅಂತರ ಉಳಿದಿದ್ದರೆ ಆ ಬಳೆಯನ್ನು ಕಿತ್ತು ಬೇರೆ ಹಾಕಿ.